ಊದಿದ ಅಂಗೈ

ಶಿವನ ಕರುಣೆ ಯಾವ ದಾರಿಯಲ್ಲಿ ಬರುತ್ತದೆಂದು ಬಲ್ಲವರು ಯಾರು? ರಾಚಪ್ಪನಿಗೆ ಅದು ಎಡಗೈಯ ದಾರಿಯಲ್ಲಿ ಬಂತು.

ಕಪಿಲೆಯ ದಡದಲ್ಲಿ ಒಂದು ಪುಟ್ಟ ಮಠ. ಅಲ್ಲಿಯ ಗುರುಗಳು ಸಿದ್ಧವೀರ ಸ್ವಾಮಿಗಳು. ಅವರ ಶಿಷ್ಯ ರಾಚಪ್ಪ, ನಡುವಯಸ್ಸಿನವನು. ಅವನ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ಆಗಾಗ ಪೇಟೆಯ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬಂದರೇ ಉಸಿರು.

ಅದಕ್ಕೆಂದು ಡಾಕ್ಟರು ಅವನ ಎಡತೋಳಿನಲ್ಲಿ ಎರಡು ರಕ್ತನಾಳಗಳನ್ನು ಕೂಡಿಸಿ ಹೊಲಿದಿದ್ದರು. ಫಿಸ್ಟುಲಾ ಎನ್ನುತ್ತಾರೆ. ಸೂಜಿ ಚುಚ್ಚುವುದು ಅಲ್ಲಿಗೆ. ರಕ್ತ ಯಂತ್ರಕ್ಕೆ ಹೋಗಿ, ಶುದ್ಧವಾಗಿ ಮರಳುವುದೂ ಅಲ್ಲಿಂದಲೇ.

"ಬಲಗೈಗೆ ಮಾಡಿ ಸಾರ್, ಎಡಗೈ ಲಿಂಗದ್ದು" ಎಂದು ರಾಚಪ್ಪ ಅಂದು ಬೇಡಿಕೊಂಡಿದ್ದ. ಬಲಗೈಯ ನಾಳಗಳು ತೀರ ಸಣ್ಣವು, ಆಗುವುದಿಲ್ಲ ಎಂದರು.

ಎಡ ಅಂಗೈಯೇ ಇಷ್ಟಲಿಂಗದ ಪೀಠ. ಗುರು ಕೊಟ್ಟ ಲಿಂಗವನ್ನು ಅಲ್ಲಿರಿಸಿಕೊಂಡು, ಕಣ್ಣಿನ ಮಟ್ಟಕ್ಕೆ ಎತ್ತಿ, ನೋಡುತ್ತ ನೋಡುತ್ತ ಕರಗುವುದೇ ಪೂಜೆ.

ಶ್ರಾವಣದ ಒಂದು ಬೆಳಿಗ್ಗೆ ರಾಚಪ್ಪ ಬಂದು ಗುರುಗಳಿಗೆ ಅಡ್ಡಬಿದ್ದ. ಏಳಲಿಲ್ಲ.

"ತಪ್ಪಾಯ್ತು ಬುದ್ಧಿ. ಪ್ರಾಯಶ್ಚಿತ್ತ ಹೇಳಿ."

"ಮೊದಲು ಏಳಪ್ಪ. ನೆಲದ ಹತ್ತಿರ ಮಾತಾಡಿದರೆ ನನಗೆ ಹೇಗೆ ಕೇಳಿಸಬೇಕು?"

ಎದ್ದು ಕೂತ. "ಪೂಜೆಯಲ್ಲಿ ಲಿಂಗ ಜಾರಿತು ಬುದ್ಧಿ."

"ಎಲ್ಲಿಗೆ?"

"ಮಡಿಲಿಗೆ."

"ಯಾರ ಮಡಿಲಿಗೆ?"

"ನನ್ನದಕ್ಕೇ."

"ಹಾಗಾದರೆ ದೂರವೇನೂ ಹೋಗಲಿಲ್ಲ."

ರಾಚಪ್ಪನಿಗೆ ನಗು ಬರಲಿಲ್ಲ. "ಜೀವ ಹೋದರೂ ಲಿಂಗ ಜಾರಬಾರದು ಅಂದವರು ತಾವೇ. ದಂಡ ಹಾಕಿ. ಉಪವಾಸ ಇರಲಾ?"

"ನಿನಗೆ ಉಪ್ಪಿಲ್ಲ, ಬಾಳೆಹಣ್ಣಿಲ್ಲ, ನೀರನ್ನೂ ಅಳೆದು ಕುಡೀತೀಯ. ನಿನಗಿಂತ ದೊಡ್ಡ ಉಪವಾಸಿ ಈ ಮಠದಲ್ಲಿ ಯಾರಿದ್ದಾರೆ?"

ಗುರುಗಳು ಅವನ ಎಡಗೈಯನ್ನು ನೋಡಿದರು. ಹೆಗಲಿನಿಂದ ಬೆರಳ ತುದಿಯವರೆಗೆ ವಿಭೂತಿ ಮೆತ್ತಿತ್ತು. ಕೆಲವು ವಾರಗಳಿಂದ ಹೀಗೇ. ದಾಸೋಹದ ಪುಟ್ಟಗೌರಮ್ಮ, "ರಾಚಪ್ಪನೋರಿಗೆ ಭಕ್ತಿ ಉಕ್ಕಿ ಕೈಗೆಲ್ಲ ಹರಿದದೆ" ಎಂದು ಎಲ್ಲರ ಮುಂದೆ ಕೊಂಡಾಡಿದ್ದಳು.

"ದಂಡ ಬೇಕೇ ಬೇಕಾ?"

"ಬೇಕು ಬುದ್ಧಿ."

"ಬಚ್ಚಲಿಗೆ ಹೋಗು. ಸೋಪು ಹಚ್ಚಿ ಆ ಕೈ ತೊಳೆದುಕೊಂಡು ಬಾ."

ರಾಚಪ್ಪನ ಮುಖ ಬಿಳುಪೇರಿತು. "ಬೇರೆ ಏನಾದರೂ ಹೇಳಿ ಬುದ್ಧಿ. ಮಠವೆಲ್ಲ ಉರುಳುಸೇವೆ ಮಾಡುತ್ತೇನೆ."

"ನಾನು ಕೈ ತೊಳಿ ಅಂದೆ."

ತೊಳೆದು ಬಂದ. ಶಲ್ಯ ಹೊದ್ದು ಬಂದ. ಗುರುಗಳು ತಾವೇ ಶಲ್ಯ ಸರಿಸಿದರು.

ಕೈ ಊದಿತ್ತು. ಚರ್ಮ ಬಿಗಿದು ಮಿರುಗುತ್ತಿತ್ತು. ಬೆರಳುಗಳು ರಸಬಾಳೆಯಷ್ಟು ದಪ್ಪ. ಅಂಗೈಯ ಗುಳಿಯೇ ಮುಚ್ಚಿ ಉಬ್ಬಾಗಿತ್ತು. ಲಿಂಗ ಕೂರಲು ಅಲ್ಲಿ ಜಾಗವಿರಲಿಲ್ಲ. ಹೆಗಲಿನಿಂದ ಎದೆಯವರೆಗೆ ನೀಲಿ ನರಗಳು ಬಳ್ಳಿಯ ಹಾಗೆ ಹಬ್ಬಿದ್ದವು.

"ಆಸ್ಪತ್ರೆಯವರು ನೋಡಲಿಲ್ಲವಾ?"

"ನೋಡಿದರು. ಕೈ ಮೇಲೆ ಮಲಗಿದ್ದೆ ಅಂದೆ. ದೊಡ್ಡ ಡಾಕ್ಟರಿಗೆ ತೋರಿಸು ಅಂತ ನರ್ಸಮ್ಮ ಹೇಳುತ್ತಲೇ ಇದ್ದಾರೆ. ನಾನು ಹೂಂ ಅನ್ನುತ್ತಲೇ ಇದ್ದೇನೆ."

"ನನಗೆ?"

"ತಾವು ಹೂಂಗೆ ಬಿಡುವವರಲ್ಲ. ಅದಕ್ಕೇ ವಿಭೂತಿ."

ಗುರುಗಳು ಶಲ್ಯವನ್ನು ಮಡಿಸಿ ಪಕ್ಕಕ್ಕಿಟ್ಟರು. ಹೊಳೆಯ ಸದ್ದು ಕೇಳುತ್ತಿತ್ತು.

ರಾಚಪ್ಪ ತಾನಾಗಿಯೇ ಹೇಳಿದ. "ನನ್ನ ಪಕ್ಕದ ಮಂಚದ ಸಣ್ಣಮಾದಮ್ಮನಿಗೂ ಹೀಗೇ ಊದಿತ್ತು ಬುದ್ಧಿ. ಎಲ್ಲ ಮಾಡಿ, ಕೊನೆಗೆ ಆ ಫಿಸ್ಟುಲಾನೇ ಕಟ್ಟಿ ಮುಚ್ಚಿಬಿಟ್ಟರು. ಕುತ್ತಿಗೆಗೆ ಕೊಳವೆ ಹಾಕಿದರು. ಅದಕ್ಕೆ ಸೋಂಕು ತಗುಲಿತು."

"ಆಮೇಲೆ?"

"ಮಂಚ ಖಾಲಿಯಾಯ್ತು."

ಊದಿದ ಕೈಯನ್ನು ಮಡಿಲಿಗೆ ಎಳೆದುಕೊಂಡು ಅಂದ: "ನನಗೆ ಬಲಗೈ ಆಗಲ್ಲ. ಇದೊಂದೇ ಕೈ. ಬದುಕೋಕೂ ಇದೇ, ಪೂಜೆಗೂ ಇದೇ. ತೋರಿಸಿದರೆ ಎರಡೂ ಹೋಗುತ್ತವೆ ಅನ್ನಿಸಿತು."

"ಈ ಮೈ ಒಂದು ದಿನ ಬೂದಿಯಾಗುತ್ತೆ ಅನ್ನೋದು ನೆನಪಿರಲಿ ಅಂತ ವಿಭೂತಿ ಕೊಟ್ಟೆ" ಎಂದರು ಗುರುಗಳು. "ನೀನು ಮರೆಯೋದಕ್ಕೆ ಹಚ್ಚಿಕೊಂಡೆಯಲ್ಲಪ್ಪ."

ಅವರು ಬಾಗಿ, ಅವನ ತೋಳಿನ ಹೊಲಿಗೆಯ ಹತ್ತಿರ ಕಿವಿಯಿಟ್ಟರು. ಕಣ್ಣು ಮುಚ್ಚಿದರು. ಬಹಳ ಹೊತ್ತು ಹಾಗೇ ಇದ್ದರು.

ರಾಚಪ್ಪನಿಗೆ ಮುಜುಗರವಾಯಿತು. "ಬುದ್ಧಿ, ಆ ಕೈ..."

"ಷ್! ಜೇನು ಹಾಡುತ್ತಿದೆ."

"ಅದು ನೆತ್ತರು ಓಡೋ ಸದ್ದು ಬುದ್ಧಿ. ದಿನಾ ಬೆಳಿಗ್ಗೆ ಮುಟ್ಟಿ ನೋಡಿಕೋ, ಝುಂ ಅನ್ನದಿದ್ದರೆ ಓಡಿ ಬಾ ಅಂದಿದ್ದಾರೆ."

"ಮುಟ್ಟುತ್ತೀಯಾ?"

"ಇಲ್ಲ."

"ಯಾಕೆ?"

"ಬೆಳಗಿನ ಹೊತ್ತು ಪೂಜೆಗೆ ಕೂರಬೇಕು. ಅದನ್ನ ಮುಟ್ಟಿದರೆ ಮನಸ್ಸು ಶಿವನನ್ನು ಬಿಟ್ಟು ಕಾಯಿಲೆ ಕಡೆ ಹೋಗುತ್ತೆ."

"ನಾಳೆಯಿಂದ ಲಿಂಗದ ಕರಡಿಗೆ ತೆರೆಯೋ ಮೊದಲು ಇದನ್ನು ಮುಟ್ಟು."

"ಇದು ಪೂಜೆಯಾ ಬುದ್ಧಿ?"

"ಬಾಗಿಲು ತೆರೆದಿದೆಯೋ ಇಲ್ಲವೋ ನೋಡದೆ ಯಾರನ್ನು ಮನೆಗೆ ಕರೀತೀಯ?"

ಗುರುಗಳು ಎದ್ದು ಬೆತ್ತ ತೆಗೆದುಕೊಂಡರು. "ನಡಿ, ಆಸ್ಪತ್ರೆಗೆ."

"ಶ್ರಾವಣದ ವ್ರತ ಬುದ್ಧಿ! ತಾವು ಈ ತಿಂಗಳು ಮಠದ ಹೊಸಿಲು ದಾಟುವಂತಿಲ್ಲ."

"ಶಿವ ಕೇಳಿದರೆ ಆಸ್ಪತ್ರೆಯಲ್ಲಿದ್ದೆ ಅನ್ನುತ್ತೇನೆ. ಅವನಿಗೂ ಗೊತ್ತಿರೋ ಜಾಗವೇ."

"ಕಟ್ಟಿಬಿಟ್ಟರೆ?"

"ಅದನ್ನು ಅವರ ಬಾಯಿಂದ ಕೇಳೋಣ. ನಿನ್ನ ಭಯದ ಬಾಯಿಂದ ಸಾಕಷ್ಟು ಕೇಳಿದ್ದೀಯ."

ದೊಡ್ಡ ಡಾಕ್ಟರು ಕೈ ನೋಡಿ ಬೈದರು. ಆಮೇಲೆ ಪರೀಕ್ಷೆ ಮಾಡಿ ಕಾರಣ ಹೇಳಿದರು. ಕೈಗೆ ರಕ್ತ ಜೋರಾಗಿ ಹೋಗುತ್ತಿದೆ. ವಾಪಸು ಬರುವ ನಾಳ ಮಾತ್ರ ಎದೆಯ ಹತ್ತಿರ ಕಿರಿದಾಗಿದೆ. ಹೋದದ್ದು ಮರಳಲಾರದೆ ಕೈಯಲ್ಲೇ ನಿಲ್ಲುತ್ತಿದೆ. ಇನ್ನೂ ತಡಮಾಡಿದ್ದರೆ ದಾರಿಯೇ ಮುಚ್ಚಿಹೋಗುತ್ತಿತ್ತು.

ಕಟ್ಟಲಿಲ್ಲ. ಸಣ್ಣ ಬಲೂನೊಂದನ್ನು ನಾಳದೊಳಗೆ ಕಳಿಸಿ ಕಿರಿದಾದ ಜಾಗವನ್ನು ಅಗಲಿಸಿದರು. ಅಷ್ಟು ಹೊತ್ತೂ ಗುರುಗಳು ಹೊರಗಿನ ಬೆಂಚಿನ ಮೇಲೆ ಕೂತು ಶಿವನಾಮ ಜಪಿಸುತ್ತಿದ್ದರು.

ಕಳಿಸುವಾಗ ಡಾಕ್ಟರು ಹೇಳಿದರು: "ಊತ ನಿಧಾನಕ್ಕೆ ಇಳಿಯುತ್ತೆ. ಕೈ ಎತ್ತರದಲ್ಲಿ ಆನಿಸಿ ಇಟ್ಟುಕೋ. ಭಾರ ಎತ್ತಬೇಡ. ಇದು ಮತ್ತೆ ಕಿರಿದಾಗಲೂಬಹುದು. ಊದಿದರೆ ಆ ದಿನವೇ ಬಾ, ಬಚ್ಚಿಡಬೇಡ."

ಮಠಕ್ಕೆ ಮರಳಿದ ಮೇಲೆ, ಮಾರನೆಯ ಬೆಳಿಗ್ಗೆ, ರಾಚಪ್ಪ ಪೂಜೆಗೆ ಕೂತ. ತೋಳಿನ ಮೇಲೆ ಬೂದಿಯಿರಲಿಲ್ಲ. ಬಲಗೈಯ ಬೆರಳನ್ನು ಅಳುಕುತ್ತ ಹೊಲಿಗೆಯ ಬಳಿ ಇಟ್ಟ.

ಝುಂ ಎಂದಿತು.

ಅವನ ಕಣ್ಣುಗಳು ತುಂಬಿ ಬಂದವು. ಕರಡಿಗೆಗೆ ಕೈ ಹಾಕಿದ, ತೆರೆಯಲಿಲ್ಲ. ಅಂಗೈಯ ಊತ ಇನ್ನೂ ಪೂರ್ತಿ ಇಳಿದಿರಲಿಲ್ಲ. ಮತ್ತೆ ಜಾರಿದರೆ?

ಗುರುಗಳು ಎದುರಿಗೇ ಗ್ರಂಥಪಾರಾಯಣಕ್ಕೆ ಕೂತಿದ್ದರು. ಅವರು ಪೀಠದ ಮೇಲಿದ್ದ ಗ್ರಂಥವನ್ನು ತೆಗೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಆ ಮರದ ಪೀಠವನ್ನು ಶಿಷ್ಯನ ಮುಂದೆ ತಳ್ಳಿ, ಮೇಲೆ ತಮ್ಮ ಶಲ್ಯ ಮಡಿಸಿ ಹಾಸಿದರು.

"ಕೈ ಇಡು."

"ಅಯ್ಯಯ್ಯೋ! ಗ್ರಂಥ ಇಡೋ ಪೀಠ ಬುದ್ಧಿ!"

"ಗ್ರಂಥಕ್ಕೇನೂ ಊತ ಬಂದಿಲ್ಲ. ಇಡು."

ರಾಚಪ್ಪ ಇಟ್ಟ. ಭಾರ ಇಳಿಯಿತು. ಲಿಂಗವನ್ನು ತೆಗೆದು ಅಂಗೈಯ ಮೇಲೆ ಇರಿಸಿಕೊಂಡ. ಊದಿದ ಅಂಗೈಯಲ್ಲಿ ಅದು ಅತ್ತಿತ್ತ ಅಲುಗಿತು.

"ಬುದ್ಧಿ" ಎಂದ. "ಇದು ವಾಸಿಯಾಗೋ ಕಾಯಿಲೆಯಲ್ಲ. ಈ ಕೈ ಮತ್ತೆ ಊದುತ್ತೆ. ಎಂದಾದರೂ ಒಂದು ದಿನ ಪೂರ್ತಿ ಕೈಕೊಡುತ್ತೆ. ಆಗ ಯಾವುದರ ಮೇಲೆ ಇಟ್ಟುಕೊಳ್ಳಲಿ?"

ಗುರುಗಳು ಹತ್ತಿರ ಸರಿದು ಕೂತರು. ತಮ್ಮ ಅಂಗೈಯನ್ನು ಅವನ ಅಂಗೈಯ ಕೆಳಗೆ ಮೆಲ್ಲನೆ ಸೇರಿಸಿದರು. ಲಿಂಗ ಅಲುಗುವುದು ನಿಂತಿತು.

"ದೀಕ್ಷೆಯ ದಿನ ನಿನ್ನ ಕೈ ಇದಕ್ಕಿಂತ ಹೆಚ್ಚು ನಡುಗುತ್ತಿತ್ತು ಕಣಪ್ಪ. ಅಂದೂ ನನ್ನ ಕೈ ಇಲ್ಲೇ ಕೆಳಗಿತ್ತು. ತೆಗೆದೆ ಅಂತ ನಿನಗೆ ಯಾರು ಹೇಳಿದರು?"