ತುರ್ಸುನ್ ಕಚ್ಚಿಟ್ಟು ಹೋದ ರೊಟ್ಟಿ

ಒಂದಾನೊಂದು ಕಾಲದಲ್ಲಿ ಅಂದ್ರೆ ಬಹಳ ಹಿಂದೆ ಏನಲ್ಲ ಕೂಸೇ, ನಿಮ್ಮಪ್ಪ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದ ಕಾಲ. ಹಿಮಾಲಯದಿಂದ ಆಚೆಗೆ ಸೋವಿಯತ್ ಅಂತ ಒಂದು ಭಾರಿ ದೇಶ ಇತ್ತಂತೆ, ಹದಿನೈದು ಜನ ಅಣ್ಣತಮ್ಮಂದಿರ ಒಟ್ಟು ಮನೆ ಇದ್ದಂಗೆ. ಒಂದು ದಿನ ಆ ಮನೆ ಪಾಲಾಗಿ, ಎಲ್ಲರೂ ಬೇರೆ ಬೇರೆ ಒಲೆ ಹಚ್ಚಿದ್ರಂತೆ. ಅದ್ರಲ್ಲೊಂದು ಚಿಕ್ಕ ಬೆಟ್ಟದ ದೇಶ. ಹೆಸರು ಕೇಳ್ಬೇಡ, ನನ್ನ ನಾಲಿಗೆ ಹೊರಳಲ್ಲ.

ಅಲ್ಲಿ ತುರ್ಸುನ್ ಅಂತ ಒಬ್ಬ ನೀರುಗಂಟಿ ಇದ್ನಂತೆ. ಕಾಲುವೆ ತೂಬು ಎತ್ತಿ ಇಳಿಸಿ, ಸರದಿ ಪ್ರಕಾರ ಹೊಲಗಳಿಗೆ ನೀರು ಬಿಡೋನು. ಅವನಕ್ಕ ಗುಲ್ಸುಮ್, ಊರಿಗೆಲ್ಲ ರೊಟ್ಟಿ ಸುಟ್ಟು ಮಾರೋಳು. ತಾಯಿ ಇಲ್ಲದ ತಮ್ಮನ್ನ ಅವಳೇ ಎತ್ತಾಡಿಸಿ ಸಾಕಿದ್ಲು. ಆದ್ರೂ ಅಕ್ಕನ ಹೊಲಕ್ಕೆ ಅವಳ ಸರದಿ ಬರೋ ತನಕ ಒಂದು ತೊಟ್ಟು ನೀರು ಬಿಡ್ತಿರ್ಲಿಲ್ವಂತೆ ಅವನು. ಅಂಥಾ ನಿಯತ್ತು. ಜನ ಅದನ್ನ ನೋಡಿ, ನೀರು ಸರಿಯಾಗಿ ಹಂಚೋನು ದೇಶಾನೂ ಸರಿಯಾಗಿ ನೋಡ್ಕೋತಾನೆ ಅಂತ ಓಟು ಹಾಕಿ ಅವನ್ನೇ ಅಧ್ಯಕ್ಷನ್ನ ಮಾಡಿದ್ರಂತೆ.

ಅವರಲ್ಲಿ ಒಂದು ಪದ್ಧತಿ ಉಂಟು. ಯಾರಾದ್ರೂ ಮನೆ ಬಿಟ್ಟು ದೂರ ಹೊರಟ್ರೆ, ಒಂದು ದಪ್ಪ ರೊಟ್ಟಿನ ಒಂದು ಸಲ ಕಚ್ಚಿ ಹೋಗ್ಬೇಕು. ಮಿಕ್ಕಿದ್ದನ್ನ ಗೋಡೆ ಮೊಳೆಗೆ ತೂಗುಹಾಕ್ತಾರೆ. ಬೇರೆಯವರು ತಿನ್ನಂಗಿಲ್ಲ, ಹೋದೋನೇ ಬಂದು ತಿಂದು ಮುಗಿಸ್ಬೇಕು. ರಾಜಧಾನಿಗೆ ಹೊರಡೋ ದಿನ ತುರ್ಸುನ್ ಊರಿನವರೆಲ್ಲರ ಮುಂದೆ ಕಚ್ಚಿ, ಅಕ್ಕಾ, ಐದು ವರ್ಷಕ್ಕೆ ಬಂದು ಮುಗಿಸ್ತೀನಿ, ಅಧಿಕಾರ ಇನ್ನೊಬ್ಬರಿಗೆ ಕೊಡ್ತೀನಿ ಅಂದ್ನಂತೆ. ಗುಲ್ಸುಮ್ ಇದ್ದಿಲು ತಗೊಂಡು ರೊಟ್ಟಿ ಪಕ್ಕ ಗೋಡೆ ಮೇಲೆ ವರ್ಷಕ್ಕೊಂದು ಅಂತ ಐದು ಗೆರೆ ಎಳೆದ್ಲಂತೆ.

ಮೊದಲೈದು ವರ್ಷ ಏನು ಚೆನ್ನಾಗಿ ಆಳಿದ ಅಂತೀಯ! ಹೊಸ ಬಾವುಟ, ಹೊಸ ನೋಟು, ಹಳ್ಳಿಹಳ್ಳಿಗೆ ಶಾಲೆ. ಸುಳ್ಳು ಯಾಕೆ ಹೇಳ್ಲಿ, ಒಳ್ಳೇದನ್ನ ಒಳ್ಳೇದು ಅನ್ಬೇಕು. ಆಮೇಲೆ ಐದು ಗೆರೆ ಮುಗೀತು, ಗುಲ್ಸುಮ್ ಕಾಗದ ಬರೆದ್ಲಂತೆ, ರೊಟ್ಟಿ ಕಾಯ್ತಿದೆ ಬಾರಪ್ಪ ಅಂತ. ಅಯ್ಯೋ ಅಕ್ಕಾ, ಕೆಲಸ ಅರ್ಧ ಆಗಿದೆ, ಇನ್ನೈದು ವರ್ಷ ಅಂತ ಉತ್ತರ ಬಂತಂತೆ. ಕಾನೂನು ತಿದ್ದಿಸಿ ಅಲ್ಲೇ ಕೂತ್ಕೊಂಡ.

ಆಮೇಲೆ ನೋಡು, ಕುರ್ಚಿ ಒಂದು ಸಲ ಒಗ್ಗಿದ್ರೆ ಬೆನ್ನು ಏಳೋದಿಲ್ಲ. ರಾಜಧಾನಿ ಚೌಕದಲ್ಲಿ ತನ್ನದೇ ಪ್ರತಿಮೆ ನಿಲ್ಲಿಸಿ, ಅದರ ಸುತ್ತ ನೂರು ಕಾರಂಜಿ ಮಾಡಿಸ್ದನಂತೆ. ಕಾರಂಜಿಗೆ ನೀರೆಲ್ಲಿಂದ? ತನ್ನೂರ ಕಾಲುವೆ ತೂಬು ಮುಚ್ಚಿಸಿ, ಪೈಪಿನಲ್ಲಿ ರಾಜಧಾನಿಗೆ ಎಳೆಸ್ದ. ನೀರುಗಂಟಿ ಆಗಿದ್ದೋನೇ! ಹತ್ತನೇ ವರ್ಷ ಗುಲ್ಸುಮ್ ಅಂಚೆಯವನ ಕೈಲಿ ಹೇಳಿಕಳಿಸಿದ್ಲಂತೆ, ಹೊಲ ಬಿರುಕು ಬಿಟ್ಟಿದೆ, ರೊಟ್ಟಿನೂ ಹಂಗೇ ಇದೆ, ಬಾ ಅಂತ. ಆಗೇನು ಮಾಡ್ದ ಗೊತ್ತಾ? ಅಕ್ಕಸಾಲಿಗನ್ನ ಕರೆಸಿ, ಕಚ್ಚಿದ ಗುರುತು ಸಮೇತ ಬಂಗಾರದ ರೊಟ್ಟಿ ಮಾಡಿಸಿ ಅರಮನೆ ಬಾಗಿಲಿಗೆ ತೂಗುಹಾಕಿಸ್ದ. ನನ್ನ ರೊಟ್ಟಿ ಇಲ್ಲೇ ಇದೆ, ಇನ್ನು ನಾನೆಲ್ಲಿಗೆ ಹೋಗ್ಲಿ ಅಂದ್ನಂತೆ. ಬಂಗಾರ ತಿನ್ನಕ್ಕಾಗುತ್ತಾ? ಇಲ್ಲ ತಾನೇ. ಅಷ್ಟೂ ತಿಳೀಲಿಲ್ಲ ಅವನಿಗೆ.

ಹದಿನೈದನೇ ವರ್ಷ ಗುಲ್ಸುಮ್ ಕಾಗದಾನೂ ಬರೀಲಿಲ್ಲ, ಯಾರನ್ನೂ ಕಳಿಸ್ಲಿಲ್ಲ. ಮೊಳೆಯಿಂದ ರೊಟ್ಟಿ ಇಳಿಸಿ, ಬಿಳೀ ಬಟ್ಟೇಲಿ ಸುತ್ತಿ, ಸೀದಾ ರಾಜಧಾನಿ ದಾರಿ ಹಿಡಿದ್ಲಂತೆ. ಎಲ್ಲಿಗೆ ಅಕ್ಕಾ ಅಂತ ಕೇಳಿದೋರಿಗೆ, ತಮ್ಮನಿಗೆ ಊಟಕ್ಕೆ ಹೊತ್ತಾಯ್ತು ಅಂದ್ಲಂತೆ. ಕೇಳಿದೋರೆಲ್ಲ ಹಿಂದೆ ನಡೆದ್ರು. ಹಳ್ಳಿ ಮೇಲೆ ಹಳ್ಳಿ ಸೇರಿ, ರಾಜಧಾನಿ ಚೌಕಕ್ಕೆ ಬರೋ ಹೊತ್ತಿಗೆ ಎಳ್ಳು ಹಾಕಿದ್ರೆ ಕೆಳಗೆ ಬೀಳಲ್ಲ, ಅಷ್ಟು ಜನ.

ಎದುರಿಗೆ ಸಿಪಾಯಿಗಳು ಬಂದೂಕು ಹಿಡಿದು ನಿಂತಿದ್ರಂತೆ. ಗುಲ್ಸುಮ್ ಹೆದರಿದ್ಲಾ? ಅವಳೆಲ್ಲಿ ಹೆದರ್ತಾಳೆ! ಬಟ್ಟೆ ಬಿಚ್ಚಿ ರೊಟ್ಟಿನ ಎರಡು ಕೈಲೂ ಮೇಲೆತ್ತಿ ಹಿಡಿದ್ಲು. ಸಿಪಾಯಿಗಳೂ ಹಳ್ಳಿ ಮಕ್ಕಳೇ ಅಲ್ವಾ, ಸೇನೆಗೆ ಸೇರೋ ದಿನ ಒಬ್ಬೊಬ್ಬನೂ ಮನೇಲಿ ಹಿಂಗೇ ರೊಟ್ಟಿ ಕಚ್ಚಿ ಬಂದಿದ್ದ. ಆ ದೇಶದಲ್ಲಿ ಅನ್ನಕ್ಕೆ ಯಾರೂ ಆಯುಧ ತೋರ್ಸಲ್ಲ. ಮೊದಲು ಒಬ್ಬ ಬಂದೂಕು ಕೆಳಗಿಟ್ಟ, ಆಮೇಲೆ ಇನ್ನೊಬ್ಬ, ಆಮೇಲೆ ಎಲ್ಲರೂ ಇಟ್ರಂತೆ.

ಅರಮನೆ ಮಾಳಿಗೆ ಮೇಲೆ ಹೆಲಿಕಾಪ್ಟರ್ ತಯಾರಿತ್ತು. ತುರ್ಸುನ್ ಎದ್ನೋ ಬಿದ್ನೋ ಅಂತ ಮೇಲೆ ಓಡೋ ಹೊತ್ತಿಗೆ ಮಂತ್ರಿಗಳೆಲ್ಲ ಹತ್ತಿ ಹಾರೇಬಿಟ್ಟಿದ್ರಂತೆ, ಇವನಿಗೆ ಸೀಟೇ ಇಲ್ಲ. ನಗ್ಬೇಡ, ನಿದ್ದೆ ಹೋಗುತ್ತೆ. ಕೊನೆಗೆ ಒಬ್ಬನೇ ಕೆಳಗಿಳಿದು ಬಂದ. ಅಕ್ಕ ಬೈಲಿಲ್ಲ, ಹೊಡೀಲಿಲ್ಲ, ನಡಿ ಮನೆಗೆ ಅಂದ್ಲು, ಅಷ್ಟೇ.

ಊರಿಗೆ ಬಂದು ರೊಟ್ಟಿ ಬಾಯಿಗಿಟ್ರೆ ಕಲ್ಲು, ಹಲ್ಲು ಇಳೀಲಿಲ್ಲ. ಅಕ್ಕಾ, ನೀರಲ್ಲಿ ನೆನೆಸಿಕೊಡು ಅಂದ. ಗುಲ್ಸುಮ್ ಖಾಲಿ ಬಟ್ಟಲು ಅವನ ಮುಂದಿಟ್ಟು, ನೀರೆಲ್ಲಿದೆಯೋ ತಮ್ಮಾ ಅಂದ್ಲಂತೆ.

ತುರ್ಸುನ್ ಆ ಖಾಲಿ ಬಟ್ಟಲು ಕೈಗೆತ್ಕೊಂಡ. ಆಮೇಲೆ ಎದ್ದು, ರೇಷ್ಮೆ ಕೋಟು ತೆಗೆದಿಟ್ಟು, ಕಾಲುವೆಗೆ ಹೋಗಿ, ತುಕ್ಕು ಹಿಡಿದ ತೂಬನ್ನ ತನ್ನ ಕೈಯಾರೆ ಎತ್ತಿದ. ಅಂಗೈ ಕಿತ್ತು ರಕ್ತ ಬಂತಂತೆ. ಮೊದಲು ಕೆಸರು ಬಂತು, ಆಮೇಲೆ ನೀರು. ಆ ನೀರಲ್ಲೇ ರೊಟ್ಟಿ ನೆನೆಸಿ, ಊರಿನವರೆಲ್ಲರ ಮುಂದೆ ಒಂದು ಚೂರೂ ಬಿಡದೆ ತಿಂದ್ನಂತೆ, ಅಳ್ತಾ ಅಳ್ತಾ. ಅಕ್ಕ ತಿನ್ನು ತಿನ್ನು ಅಂತಾನೇ ಇದ್ಲಂತೆ.

ಮತ್ತೆ ಅವನ್ನೇ ನೀರುಗಂಟಿ ಮಾಡಿದ್ರಾ ಅಂತೀಯಾ? ಚೆನ್ನಾಗಿ ಹೇಳ್ದೆ! ಜನ ಅಷ್ಟು ದಡ್ಡರಲ್ಲ. ವಿಚಾರಣೆ ಆಯ್ತು, ಅರಮನೆ ಶಾಲೆ ಆಯ್ತು, ಬಂಗಾರದ ರೊಟ್ಟಿ ಕರಗಿಸಿ ಮಾರಿ ಕಾಲುವೆ ರಿಪೇರಿ ಮಾಡಿದ್ರು. ತುರ್ಸುನ್‌ಗೆ ಮಿಕ್ಕಿದ್ದು ಒಂದು ತುಂಡು ಕರ್ಬೂಜದ ತೋಟ. ನೀರಿನ ಸರದೀಲಿ ಅವನದು ಕಟ್ಟಕಡೇದು. ಕೈ ಕಟ್ಕೊಂಡು ಕಾಯ್ತಿದ್ನಂತೆ. ಆದ್ರೆ ಸರದಿ ಬರ್ತಿತ್ತು ಕೂಸೇ, ದಿನಾ ತಪ್ಪದೇ ಬರ್ತಿತ್ತು.

ಹೊಸದಾಗಿ ಆಯ್ಕೆ ಆದ ಅಧ್ಯಕ್ಷೆನೂ ಗುಲ್ಸುಮ್ ಮನೆಗೆ ಬಂದು ರೊಟ್ಟಿ ಕಚ್ಚೇ ಹೋದ್ಲು. ಗುಲ್ಸುಮ್ ಐದು ಗೆರೆ ಎಳೆದ್ಲು. ಐದನೇ ಗೆರೆ ತುಂಬಿದ ದಿನ ಆ ಅಧ್ಯಕ್ಷೆ ಬಸ್ಸಿಳಿದು ನಡ್ಕೊಂಡು ಬಂದು, ಕಾಲುವೆ ದಡದಲ್ಲಿ ಕೂತು ತಿಂದು ಮುಗಿಸಿದ್ಲಂತೆ. ಪಕ್ಕದಲ್ಲಿ ಕೂತು ಕರ್ಬೂಜ ಹೆಚ್ಚಿಕೊಟ್ಟೋನು ತುರ್ಸುನ್. ರೊಟ್ಟಿನೂ ಮುಗೀತು, ನನ್ನ ಕತೆನೂ ಮುಗೀತು, ಇನ್ನು ಕಣ್ಣು ಮುಚ್ಚು.