ಟಿಟ್ಟಿಭದ ಮೊಟ್ಟೆಗೆ ದೃಷ್ಟಿಬೊಟ್ಟು

ಭೂಮಿ ಹೊಸದಾಗಿದ್ದ ಕಾಲ. ಕಲ್ಲುಗಳಿಗೆ ಬಣ್ಣ ಬಂದಾಗಿತ್ತು, ಮೊಟ್ಟೆಗಳಿಗೆ ಇನ್ನೂ ಬಂದಿರಲಿಲ್ಲ. ಯಾವ ಹಕ್ಕಿ ಇಟ್ಟರೂ ಮೊಟ್ಟೆ ಸುಣ್ಣ ಬಳಿದಂತೆ ಬೆಳ್ಳಗಿರುತ್ತಿತ್ತು.

ಕೆರೆಯ ಪಕ್ಕದ ಬಯಲಿನಲ್ಲಿ ಒಂದು ಟಿಟ್ಟಿಭ ಹಕ್ಕಿ ಇತ್ತು. ಉದ್ದನೆಯ ಹಳದಿ ಕಾಲು, ಕೆಂಪು ಕೊಕ್ಕು. ಗೂಡು ಕಟ್ಟುವ ಅಭ್ಯಾಸ ಅದಕ್ಕಿರಲಿಲ್ಲ. ಕಲ್ಲುಗಳ ನಡುವೆ ಒಂದಿಷ್ಟು ನೆಲ ಕೆದರಿ ಅಲ್ಲೇ ಮೊಟ್ಟೆ ಇಡುತ್ತಿತ್ತು.

ಒಂದು ಬೆಳಿಗ್ಗೆ ಮುಂಗುಸಿ ಬಂತು. "ಅಬ್ಬಾ, ಟಿಟ್ಟಿಭಕ್ಕಾ, ಎಷ್ಟು ಚೆಂದ ಇವೆ ನಿನ್ನ ಮೊಟ್ಟೆ! ಬೆಣ್ಣೆ ಉಂಡೆ ಥರ!" ಎಂದು ಹೊಗಳಿತು. ಟಿಟ್ಟಿಭ ಹಿಗ್ಗಿ ನೀರು ಕುಡಿಯಲು ಹೋಯಿತು. ವಾಪಸ್ ಬಂದಾಗ ಉಳಿದಿದ್ದು ಚಿಪ್ಪು ಮಾತ್ರ.

"ಅಯ್ಯೋ, ಮುಂಗುಸಿಯ ದೃಷ್ಟಿ ತಗಲಿತು!" ಎಂದು ಟಿಟ್ಟಿಭ ಅತ್ತಿತು.

"ತಗಲಿದ್ದು ದೃಷ್ಟಿಯಲ್ಲ ಕಣೇ, ಹಲ್ಲು" ಎಂದಿತು ಮರದ ಮೇಲಿನ ಕಾಗೆ.

ಟಿಟ್ಟಿಭ ಕೇಳಲಿಲ್ಲ. ಮತ್ತೆ ಮೊಟ್ಟೆ ಇಟ್ಟು ಮರಿ ಹೊರಬರುವ ದಿನ ಹತ್ತಿರವಾಗುವವರೆಗೂ ಕಾವು ಕೊಟ್ಟಿತು. ಈ ಸಲವೂ ಹೋದರೆ ಮರಿಯ ಮುಖ ನೋಡುವ ಆಸೆಯನ್ನೇ ಬಿಡಬೇಕು ಎಂದು ಅದಕ್ಕೆ ದಿಗಿಲು. ಸಿಡಿಲಿಗೆ ಸುಟ್ಟ ಮರದ ಮಸಿಯನ್ನು ಕೊಕ್ಕಿನಲ್ಲಿ ತಂದು, ಒಂದೊಂದು ಮೊಟ್ಟೆಗೂ ಒಂದೊಂದು ದೃಷ್ಟಿಬೊಟ್ಟು ಇಟ್ಟಿತು.

ಆಮೇಲೆ ಅನುಮಾನ ಬಂತು. ಆ ಕಡೆಯಿಂದ ನೋಡುವವರಿಗೆ ಬೊಟ್ಟು ಕಾಣುವುದಿಲ್ಲವಲ್ಲ? ಆ ಕಡೆಗೂ ಇಟ್ಟಿತು. ಮೊಲ ಹಾದುಹೋಗುತ್ತಾ ತಿರುಗಿ ನೋಡಿತು. ಇನ್ನೊಂದು ಬೊಟ್ಟು. ಗಾಳಿ "ಆಹಾ" ಎಂದಿತು. ಮತ್ತೊಂದು ಬೊಟ್ಟು. ಕೆರೆಯ ಕೆಸರು ಮೆತ್ತಿದ ಕಾಲಿನಲ್ಲೇ ಮೊಟ್ಟೆಗಳನ್ನು ಹೊರಳಿಸಿ ಹೊರಳಿಸಿ ಬೊಟ್ಟು ಇಟ್ಟಿದ್ದರಿಂದ ಬಿಳಿ ಬಣ್ಣವೆಲ್ಲ ಮಣ್ಣು ಬಣ್ಣವಾಯಿತು.

"ಮಕ್ಕಳನ್ನು ಸಿಂಗರಿಸಿದ್ದೀಯೋ, ಕೆಸರಲ್ಲಿ ಅದ್ದಿದ್ದೀಯೋ?" ಎಂದು ಕಾಗೆ ನಕ್ಕಿತು.

"ನಿನ್ನ ಮಕ್ಕಳಿಗೆ ಮಸಿ ಬೇಕಾಗಿಲ್ಲ ಬಿಡು, ಹುಟ್ಟುತ್ತಲೇ ಸಾಕಷ್ಟಿರುತ್ತದೆ" ಎಂದು ಟಿಟ್ಟಿಭ ತಿರುಗಿಸಿ ಕೊಟ್ಟು, ನೀರು ಕುಡಿಯಲು ಹೋಯಿತು.

ಮರಳಿ ಬಂದರೆ ಬಯಲಿನಲ್ಲಿ ಮುಂಗುಸಿ! ಮೊಟ್ಟೆಗಳ ಮೇಲೆ ಕೂತು ಕಾಯೋಣವೆಂದರೆ ಮೊಟ್ಟೆ ಎಲ್ಲಿ? ಎತ್ತ ನೋಡಿದರೂ ಬರೀ ಕಲ್ಲು. ತಾನೇ ಬಳಿದದ್ದು ತನಗೇ ಗುರುತು ಸಿಗಲಿಲ್ಲ. ದಿಕ್ಕು ತೋಚದೆ ಟಿಟ್ಟಿಭ ಕಿರುಚುತ್ತಾ ಬಯಲಿನ ಆಚೆ ತುದಿಗೆ ಓಡಿತು.

"ಅಮ್ಮ ಅಲ್ಲಿ ಬಡಿದುಕೊಳ್ಳುತ್ತಿದ್ದಾಳೆ ಅಂದರೆ ಮೊಟ್ಟೆಯೂ ಅಲ್ಲೇ" ಎಂದುಕೊಂಡು ಮುಂಗುಸಿ ಅತ್ತ ನುಗ್ಗಿತು. ದಾರಿಯಲ್ಲಿ ಏನೋ ಕಾಲಿಗೆ ತಾಗಿತು. "ಥೂ, ಹಾಳು ಕಲ್ಲು!" ಎಂದು ಬೈದು ಮುಂದೆ ಓಡಿತು. ಅಲ್ಲಿ ಹುಡುಕಿತು, ಇಲ್ಲಿ ಹುಡುಕಿತು. ಏನೂ ಸಿಗದೆ ಹಸಿದ ಹೊಟ್ಟೆಯಲ್ಲೇ ಹೋಯಿತು.

ಸಂಜೆ ತಂಪಾದ ಮೇಲೆ ಟಿಟ್ಟಿಭ ಒಂದೊಂದೇ ಕಲ್ಲಿಗೆ ಹೊಟ್ಟೆ ತಾಗಿಸಿ ನೋಡಿತು. ತಣ್ಣಗೆ. ಇದೂ ತಣ್ಣಗೆ. ಇದೂ. ಆಮೇಲೆ ಒಂದು ಕಲ್ಲು ಬೆಚ್ಚಗಿತ್ತು. ಒಳಗಿನಿಂದ ಯಾರೋ ಟಕ್ ಟಕ್ ಎಂದು ಕುಟ್ಟುತ್ತಿದ್ದರು.

ಈ ಕತೆ ಕೇಳಿದ್ದ ನನ್ನ ಮಗಳು ಪಾವನಿ, ಶಾಲೆಯಲ್ಲಿ "ಅಡಗಿರುವ ಪ್ರಾಣಿ" ಚಿತ್ರ ಬರೆಯಲು ಹೇಳಿದಾಗ ಹಾಳೆಯ ತುಂಬ ಕಲ್ಲು ಬರೆದಳಂತೆ. ಉಳಿದವರೆಲ್ಲ ಪೊದೆಯ ಹಿಂದೆ ಹುಲಿ ನಿಲ್ಲಿಸಿ ಬಾಲ ಹೊರಗೆ ಬಿಟ್ಟಿದ್ದರು.

"ಪ್ರಾಣಿ ಎಲ್ಲಮ್ಮಾ?" ಎಂದರಂತೆ ಟೀಚರು.

"ಕಲ್ಲುಗಳ ಮಧ್ಯೆ ಮೊಟ್ಟೆ ಇದೆ ಮಿಸ್. ನಿಮಗೆ ಕಾಣಲಿಲ್ಲ ಅಂದರೆ ಸರಿಯಾಗಿ ಬರೆದಿದ್ದೀನಿ ಅಂತ."

ಅದಕ್ಕೇ ಹೇಳುವುದು, ಇವತ್ತಿಗೂ ಬಯಲಿನಲ್ಲಿ ಟಿಟ್ಟಿಭ ಕಿರುಚುತ್ತಾ ದೂರ ಓಡಿದರೆ ಅದರ ಹಿಂದೆ ಹೋಗಬೇಡಿ. ನಿಂತಲ್ಲೇ ನಿಮ್ಮ ಕಾಲ ಬುಡದ ಕಲ್ಲುಗಳನ್ನು ನೋಡಿಕೊಂಡು ಹೆಜ್ಜೆ ಇಡಿ.