ಸೊನ್ನೆಯ ಮಗ್ಗುಲಿಗೆ ಯಾರು?

ಸೊನ್ನೆಗಿಂತ ದೊಡ್ಡದು, ಆದರೆ ಸೊನ್ನೆಗೆ ಮೈ ತಾಗಿಸಿಕೊಂಡೇ ನಿಂತದ್ದು. ಆ ಸಂಖ್ಯೆ ಯಾವುದು? ಹೇಳಿ ನೋಡೋಣ. ತಲೆ ಕೆರೆದುಕೊಂಡರೂ ಬರುವುದಿಲ್ಲ.

ನೀಲವ್ವನಿಗೂ ಬರಲಿಲ್ಲ. ಪರಪ್ಪ ಮಾಸ್ತರರು ಒಂಬತ್ತನೇ ಕ್ಲಾಸಿನವರಿಗೆ ಒಂದೊಂದು ಸಂಖ್ಯೆಯ ಚೀಟಿ ಕೊಟ್ಟು, ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿದ್ದರು. ನೀಲವ್ವನ ಪಾಲಿಗೆ ಬಂದದ್ದು ಸೊನ್ನೆ. ಹೊರಗೆ ಖೋ-ಖೋ ಪಂದ್ಯಕ್ಕೆ ಹೊರಟ ಟೆಂಪೊ ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ತಂಡದ ನಾಯಕಿ ಅವಳೇ.

"ಈ ಚೀಟಿಗಳ ಮಾತು ಬಿಡು, ಎಲ್ಲಾ ಸಂಖ್ಯೆಯೊಳಗ ನಿನ್ನ ಮಗ್ಗುಲದ್ದು ಯಾವುದು ಹೇಳು. ಆಮ್ಯಾಲೆ ಟೆಂಪೊ ಹತ್ತು," ಅಂದರು ಮಾಸ್ತರರು, ಮೀಸೆ ತಿರುವುತ್ತ.

"ನನಗ ಗೊತ್ತಿಲ್ರಿ ಸರ. ನಿಮಗರ ಗೊತ್ತದ ಏನ್ರಿ?"

"ನನಗ ಕೇಳ್ತೀ? ಸೊನ್ನೆ ಪಾಯಿಂಟ್ ಒಂದು!"

"ಅದರ ಅರ್ಧ ಇನ್ನೂ ಹತ್ರ ಬರ್ತದಲ್ರಿ?"

ಮಾಸ್ತರರು ಸೀಮೆಸುಣ್ಣ ಕೈಗೆತ್ತಿಕೊಂಡರು. "ಹೂಂ, ಹಂಗಾದ್ರ ಆ ಅರ್ಧ."

"ಅದರ ಅರ್ಧ, ಸರ?"

"ತಡಿ, ಬರದೇ ತೋರಸ್ತೀನಿ!"

ಬೋರ್ಡಿನ ಕಡೆ ತಿರುಗಿ ಅರ್ಧ ಮಾಡಿದರು. ಆ ಅರ್ಧವನ್ನೂ ಅರ್ಧ ಮಾಡಿದರು. ಅಂಕಿಗಳ ಬಾಲ ಬೋರ್ಡು ದಾಟಿ ಗೋಡೆ ಹತ್ತಿತು. "ಸಿಗ್ತು, ಈಗ ಸಿಗ್ತು!" ಎಂದು ಗೊಣಗುತ್ತಲೇ ಇದ್ದರು. ಸೀಮೆಸುಣ್ಣ ಮುಗಿದು ತಿರುಗಿ ನೋಡಿದರೆ ಸೊನ್ನೆಯ ಚೀಟಿ ನೆಲದ ಮೇಲೆ ಬಿದ್ದಿತ್ತು. ಟೆಂಪೊ ಊರು ದಾಟಿತ್ತು.

ಸಂಜೆ ನೀಲವ್ವ ಕಪ್ ಹಿಡಿದು ಬಂದಾಗ ಮಾಸ್ತರರು ಬೆನ್ನು ತಟ್ಟಿ, "ಸೊನ್ನೆಗೆ ಮಗ್ಗುಲವರೇ ಇಲ್ಲವ್ವಾ, ನಾ ಸೋತೆ," ಅಂದರಂತೆ.

ಕಪ್ ಬಂದದ್ದು ಖರೆ. ಮಾಸ್ತರರು ಸೋತೆ ಅಂದದ್ದು ಮಾತ್ರ ನಾನೇ ಹೊಸೆದದ್ದು. ಅವರು ಇನ್ನೂ ಖಾಲಿ ಗೋಡೆ ಹುಡುಕುತ್ತಿದ್ದಾರೆ.